ಕೆಮ್ಮುವ ಮೊದಲೇ ಕಂಡ ಚುಕ್ಕೆ

ಜಿಲ್ಲಾಸ್ಪತ್ರೆಯ ಹಳೆಯ ಎಕ್ಸ್‌ರೇ ಯಂತ್ರಕ್ಕೆ ತನ್ನ ಕಣ್ಣಿನ ಮೇಲೆ ಬಲು ಹೆಮ್ಮೆ. ಪಕ್ಕದ ಕೋಣೆಗೆ ಸಿ.ಟಿ. ಸ್ಕ್ಯಾನ್ ಯಂತ್ರ ಬಂದಾಗ, ನನಗೆ ಕಾಣದ್ದನ್ನು ಇವನೇನು ಕಂಡಾನು ಎಂದು ಮೂಗು ಮುರಿದಿತ್ತು.

ಒಂದು ದಿನ ಲಾರಿ ಚಾಲಕ ಹಾಲಪ್ಪ ತಪಾಸಣೆಗೆಂದು ಬಂದ. ಮೀಸೆ ಮೂಡುವ ಮೊದಲೇ ಬೀಡಿ ಹಿಡಿದವನು. ಆದರೂ ಕೆಮ್ಮಿಲ್ಲ, ನೋವಿಲ್ಲ. ಎಕ್ಸ್‌ರೇ ಅವನನ್ನು ನೋಡಿ, "ಎದೆ ಚೊಕ್ಕಟವಾಗಿದೆ" ಎಂದಿತು.

ಹಳೇ ಬೀಡಿ ಚಟದವನೆಂದು ವೈದ್ಯರು ಅವನನ್ನು ಪಕ್ಕದ ಕೋಣೆಗೂ ಕಳಿಸಿದರು. ಸಿ.ಟಿ. ಅವನನ್ನು ನೋಡಿ, "ಅಣ್ಣಾ, ಪಕ್ಕೆಲುಬಿನ ಮರೆಯಲ್ಲಿ ಎರಡು ಚುಕ್ಕೆಗಳಿವೆ" ಎಂದಿತು.

"ನನಗೇಕೆ ಕಾಣಲಿಲ್ಲ?"

"ನೀನು ಸೌತೆಕಾಯಿಯನ್ನು ಇಡಿಯಾಗಿ ನೋಡುತ್ತೀಯ. ನಾನು ಬಿಲ್ಲೆ ಬಿಲ್ಲೆಯಾಗಿ ಹೆಚ್ಚಿದಂತೆ ನೋಡುತ್ತೇನೆ. ಬೀಜ ಎಲ್ಲಿ ಅಡಗೀತು?"

"ಸರಿ, ಅವು ಕ್ಯಾನ್ಸರೋ, ಹಳೇ ಕ್ಷಯದ ಕಲೆಯೋ?"

"ಗೊತ್ತಿಲ್ಲ. ಮೂರು ತಿಂಗಳು ಬಿಟ್ಟು ಮತ್ತೆ ನೋಡುತ್ತೇನೆ."

"ಗೊತ್ತಿಲ್ಲ ಎನ್ನುವುದಕ್ಕೆ ಇಷ್ಟು ದೊಡ್ಡ ಮೈ ಬೇಕಿತ್ತೇ?" ಎಂದು ಎಕ್ಸ್‌ರೇ ನಕ್ಕಿತು.

ಮೂರು ತಿಂಗಳ ಮೇಲೆ ಒಂದು ಚುಕ್ಕೆ ಇದ್ದ ಹಾಗೇ ಇತ್ತು. ಇನ್ನೊಂದು, ಹೆಸರುಕಾಳಿನಷ್ಟಿದ್ದದ್ದು, ಕಡಲೆಯಷ್ಟಾಗಿತ್ತು. ವೈದ್ಯರು ಪರೀಕ್ಷಿಸಿ ಕ್ಯಾನ್ಸರೇ ಎಂದು ತಿಳಿದು, ಅದು ಬೇರೆಡೆ ಹಬ್ಬುವ ಮೊದಲೇ ಕತ್ತರಿಸಿ ತೆಗೆದರು. ಹಾಲಪ್ಪ ತನ್ನ ಕಾಲ ಮೇಲೆ ನಡೆದುಕೊಂಡು ಮನೆಗೆ ಹೋದ. ಎಕ್ಸ್‌ರೇ ಅವನ ಬೆನ್ನನ್ನೇ ನೋಡುತ್ತ ನಿಂತಿತು.

ಮರುದಿನ ಬೀಡಿ ವಾಸನೆಯ ಇನ್ನೊಬ್ಬ ಬಂದು ಅದರೆದುರು ಎದೆಯೊಡ್ಡಿದ. ಎಕ್ಸ್‌ರೇ ತನ್ನ ಜನ್ಮದಲ್ಲಿ ಮೊದಲ ಸಲ ಹೇಳಿತು: "ನನಗೇನೂ ಕಾಣಲಿಲ್ಲ. ಕಾಣಲಿಲ್ಲ ಎಂದರೆ ಇಲ್ಲವೆಂದಲ್ಲ. ಪಕ್ಕದ ಕೋಣೆಗೆ ಹೋಗಪ್ಪ, ಅಲ್ಲಿ ನನ್ನ ತಮ್ಮನಿದ್ದಾನೆ."

ಅದರ ದನಿಯಲ್ಲಿ ಅಷ್ಟು ಹೆಮ್ಮೆಯನ್ನು ಆ ಆಸ್ಪತ್ರೆ ಹಿಂದೆಂದೂ ಕೇಳಿರಲಿಲ್ಲ.