ನಿಂತರೆ ಬೆಂಕಿ, ಓಡಿದರೆ ತಂಪು

"ಕೇಳ್ರಪ್ಪೋ ಕೇಳಿ, ಕೆಂಡಾಪುರದ ದೊರೆ ಸೋಮಭೂಪನ ಅಪ್ಪಣೆ ಕೇಳಿ. ರಾಜಕುಮಾರಿ ಹೊನ್ನಾಂಬಿಕೆಯ ಕಾರಿನ ಏಸಿ ಒಮ್ಮೆ ತಣ್ಣಗಿದ್ದು ಒಮ್ಮೆ ಕೈಕೊಡುತ್ತದೆ. ಅದರ ಮೂರು ಒಗಟು ಬಿಡಿಸಿದವನಿಗೆ ರಾಜಕುಮಾರಿ, ಜೊತೆಗೆ ಅರ್ಧ ರಾಜ್ಯ. ತಪ್ಪಿದವನ ತಲೆ ಕೋಟೆಬಾಗಿಲಿಗೆ." ಹೀಗೆಂದು ಡಂಗುರ ಹೊಡೆಸಿದರು.

ಕಾರಿನ ಏಸಿಗೆ ತಲೆ ತೆಗೆಯುವುದೇ ಅನ್ನಬೇಡಿ. ಕೆಂಡಾಪುರದ ಬಿಸಿಲು ನೀವು ಕಂಡಿಲ್ಲ. ಅಲ್ಲಿ ಕಾಗೆ ಕೂಡ ಕಂಬದ ನೆರಳು ಹಿಡಿದೇ ನಡೆಯುತ್ತದೆ. ಇದಕ್ಕೆ ಮೊದಲು ಹನ್ನೊಂದು ಜನ ಪಂಡಿತರು ಬಂದಿದ್ದರು. ಹನ್ನೊಂದು ಮಂದಿಯೂ ಗ್ಯಾಸ್ ಕಮ್ಮಿಯಾಗಿದೆ ಎಂದು ಗ್ಯಾಸ್ ತುಂಬಿ, ಶಾಲು ಹೊದೆಸಿಕೊಂಡು ಹೋಗಿದ್ದರು. ಮರುದಿನ ಅದೇ ಹಾಡು. ದೊರೆಯ ಸಹನೆ ತೀರಿ ಶಾಲು ಇದ್ದ ಜಾಗಕ್ಕೆ ಕತ್ತಿ ಬಂತು.

ಒಡ್ಡೋಲಗ ನಡೆಯುತ್ತಿದ್ದದ್ದು ಬೆಳಗಿನ ತಂಪು ಹೊತ್ತಿನಲ್ಲಿ. ರಾಜಕುಮಾರಿ ತಾನೇ ಕಾರು ಓಡಿಸುವವಳು, ಒಗಟನ್ನೂ ತಾನೇ ಒಡ್ಡಿದಳು. "ನನ್ನ ಕಾರು ಓಡುವಾಗ ತಂಪು. ಕೋಟೆಬಾಗಿಲಲ್ಲಿ ಎತ್ತಿನಗಾಡಿ ಅಡ್ಡ ಬಂದು ನಿಂತರೆ ಬೆಂಕಿ. ಓಡುವಾಗ ಜೊತೆಗಿದ್ದು ನಿಂತಾಗ ಬಿಟ್ಟುಹೋಗುವವನು ಯಾರು? ಇದು ಮೊದಲನೆಯದು. ಎರಡನೆಯದು, ಒಂದು ಗಾವುದ ದಾಟಿದ ಮೇಲೆ ಒಳಗಿನ ಫ್ಯಾನು ಮೊರೆಯುತ್ತಲೇ ಇರುತ್ತದೆ, ಗಾಳಿ ಮಾತ್ರ ಸೊರಗುತ್ತದೆ. ನಿಲ್ಲಿಸಿದರೆ ಕಾರಿನ ಕೆಳಗೆ ನೀರೋ ನೀರು; ಆಮೇಲೆ ಮತ್ತೆ ಗಾಳಿ. ಆ ಗಾಳಿಯ ಕತ್ತು ಹಿಸುಕುವವನು ಯಾರು? ಕೊನೆಯದು, ಬೆಳಿಗ್ಗೆ ಕರೆದರೆ ಟಕ್ ಎಂದು ಬಂದು ಮಧ್ಯಾಹ್ನ ಕರೆದರೆ ಬಾರದೆ, ಸಂಜೆಗೆ ತಾನಾಗಿ ಬರುವ ಸೋಮಾರಿ ಯಾರು?"

ನೆರೆರಾಜ್ಯದ ಯುವರಾಜ ಜಯಸಿಂಹ ಮುಂದೆ ಬಂದ. ಮೂರಕ್ಕೂ ಒಂದೇ ಉತ್ತರ, ಗ್ಯಾಸು, ಅಂದ. ತಲೆ ಹೋಯಿತು.

ಮಾರನೆಯ ದಿನ ಬಂದವನು ಹೊಸಹಳ್ಳಿಯ ಮೆಕ್ಯಾನಿಕ್ ಪಾಲಾಕ್ಷ, ಗೌರಕ್ಕ ಎಂಬ ವಿಧವೆಯ ಒಬ್ಬನೇ ಮಗ. ಅವನು ದುಡುಕಲಿಲ್ಲ. ಕಾರಿನ ಮನೆಗೆ ಹೋಗಿ ಬಾನೆಟ್ ಎತ್ತಿ ನೋಡಿದ. ಬೆಳಗಿನ ಹೊತ್ತು ನೋಡಿ, ಎಲ್ಲ ನೆಟ್ಟಗೇ ಇತ್ತು. ಪಕ್ಕದಲ್ಲಿ ಲಾವಂಚದ ತಟ್ಟಿಗೆ ನೀರು ಚಿಮುಕಿಸುತ್ತಿದ್ದವನು ಗಾದಿಲಿಂಗ. ಅರಮನೆಯ ಕಿಟಕಿಗಳಿಗೆ ಕಟ್ಟಿದ ಬೇರಿನ ಪರದೆಗಳನ್ನು ದಿನವಿಡೀ ತೋಯಿಸಿಡುವುದೇ ಅವನ ಕಾಯಕ.

"ನೀನು ದಿನಾ ಇಲ್ಲೇ ಇರೋನು. ಈ ಕಾರು ಮಧ್ಯಾಹ್ನದಾಗೆ ಏನು ಮಾಡುತ್ತೆ, ಏನಾದ್ರೂ ಕಂಡಿದೀಯೇನಣ್ಣ?" ಎಂದು ಪಾಲಾಕ್ಷ ಕೇಳಿದ.

ಗಾದಿಲಿಂಗ ಎಲ್ಲವನ್ನೂ ಕಂಡಿದ್ದ. ಆದರೂ ದೊಡ್ಡವರ ಎದುರು ನಮ್ಮ ಜನ ಹೇಳುವ ಮಾತನ್ನೇ, ಹೆಗಲ ವಲ್ಲಿ ಕಂಕುಳಿಗೆ ಇಳಿಸಿ ಹೇಳಿದ. "ನಮ್ಮಂಥೋರಿಗೇನು ತಿಳಿತದೆ ಸ್ವಾಮಿ, ನೀರು ಹಾಕೋರು."

ಪಾಲಾಕ್ಷ ಓಲಗಕ್ಕೆ ಮರಳಿದ. ಗ್ಯಾಸು ಎಲ್ಲೋ ಸಣ್ಣಗೆ ಸೋರುತ್ತಿರಬೇಕು ಅಂದ. ಅವನ ತಲೆಯೂ ಹೋಯಿತು.

ಎರಡು ದಿನ ಗಾದಿಲಿಂಗನಿಗೆ ಅನ್ನ ಇಳಿಯಲಿಲ್ಲ. ಮೂರನೆಯ ದಿನ ತೊಯ್ದ ಪಂಚೆಯಲ್ಲೇ ಓಲಗಕ್ಕೆ ನುಗ್ಗಿ, ತಾನು ಹೇಳುತ್ತೇನೆ, ಆದರೆ ನಡುಮಧ್ಯಾಹ್ನ ಕಾರಿನ ಹತ್ತಿರವೇ ಹೇಳಬೇಕು ಎಂದು ಬೇಡಿದ. ಈ ತಟ್ಟಿಯವನ ತಲೆ ಕತ್ತಿಗೆ ತೂಕವೂ ಆಗಲಾರದು ಎಂದು ಮಂತ್ರಿ ನಕ್ಕ. ದೊರೆ ಒಪ್ಪಿದ.

ಮಧ್ಯಾಹ್ನ ಗಾದಿಲಿಂಗ ಮೂರನೆಯದರಿಂದಲೇ ಶುರುಮಾಡಿದ. ಏಸಿ ಹಾಕಿಸಿದ, ಟಕ್ ಎನ್ನಲಿಲ್ಲ. ಗ್ಯಾಸನ್ನು ಒತ್ತಿ ಓಡಿಸುವ ಕಂಪ್ರೆಸರಿನ ಮುಂದಿನ ತಟ್ಟೆಯನ್ನು ಒಂದು ಕೋಲಿನಿಂದ ಮೆಲ್ಲಗೆ ಒತ್ತಿದ. ಟಕ್. ಈ ತಟ್ಟೆಯನ್ನು ಎಳೆದುಕೊಳ್ಳುವುದು ಒಂದು ಅಯಸ್ಕಾಂತ, ತಟ್ಟೆ ಸವೆದು ನಡುವೆ ಸಂದು ಬಿದ್ದಿದೆ, ಬಿಸಿಲೇರಿದಾಗ ಅಯಸ್ಕಾಂತದ ಬಲ ಕುಂದಿ ಆ ಸಂದು ದಾಟುವುದಿಲ್ಲ, ತಂಪು ಹೊತ್ತಿನಲ್ಲಿ ದಾಟುತ್ತದೆ ಎಂದು ವಿವರಿಸಿದ. ಸಂದು ಎಷ್ಟು ಅಂತೀರಿ? ಎರಡು ಉಗುರಿನಷ್ಟು ದಪ್ಪವೂ ಇಲ್ಲ!

ನಿಂತ ಕಾರು ಇನ್ನೂ ಬಿಸಿಗಾಳಿಯನ್ನೇ ಊದುತ್ತಿತ್ತು. ಅವನು ಏಸಿಯ ಬಿಸಿ ಹೊರಹಾಕುವ ಮುಂದಿನ ಜಾಲರಿಗೆ ಒಂದು ಕೊಡ ನೀರು ಎರಚಿದ. ಒಳಗೆ ಕೂತ ರಾಜಕುಮಾರಿ ಸೆರಗು ಹೊದ್ದುಕೊಂಡಳು, ಅಷ್ಟು ತಂಪು. ಮುಂದಿನ ಫ್ಯಾನು ಸತ್ತಿದೆ. ಓಡುವಾಗ ದಾರಿಯ ಗಾಳಿ ಅದರ ಕೆಲಸ ಮಾಡುತ್ತದೆ, ನಿಂತರೆ ಮಾಡುವವರಿಲ್ಲ. ಗಾಳಿ ಆಡದಿದ್ದರೆ ಲಾವಂಚವೂ ಬರೀ ಒದ್ದೆ ಬೇರು ಅಷ್ಟೆ, ಅಂದ.

ಎರಡನೆಯದಕ್ಕೆ ಕಾಯಬೇಕಾಯಿತು. ಅವನು ಜಾಲರಿಗೆ ನೀರು ಹಾಕುತ್ತಲೇ ಇದ್ದ. ಒಂದು ಗಂಟೆ ಕಳೆದು ಗಾಳಿ ಸೊರಗಿದಾಗ ಡ್ಯಾಶ್‌ಬೋರ್ಡಿನ ಕೆಳಗಿನ ಪೆಟ್ಟಿಗೆ ಬಿಚ್ಚಿಸಿ ತೋರಿಸಿದ. ತಂಪು ಹುಟ್ಟುವ ಸುರುಳಿಯ ತುಂಬ ಮಂಜುಗಡ್ಡೆ ಕಟ್ಟಿತ್ತು! ಸಾಕು ಎಂದು ತಡೆಯಬೇಕಾದ ಸೆನ್ಸರು ಕೆಟ್ಟು, ತಂಪೇ ಅತಿಯಾಗಿ ಗಾಳಿಯ ದಾರಿ ಮುಚ್ಚಿತ್ತು. ಮೂರು ರೋಗಕ್ಕೆ ಒಂದೇ ಹೆಸರು ಹುಡುಕಿದರೆ ಸಿಕ್ಕೀತೇ?

ಮಂತ್ರಿ ಬಗ್ಗಿ ಮಂಜುಗಡ್ಡೆ ಮುಟ್ಟಿ ನೋಡಿದ. ಇಷ್ಟು ತಿಳಿದೂ ಒಂದು ದಿನವೂ ಎದುರು ಬಂದು ನಿಂತವನಲ್ಲ, ಎಂಥ ವಿನಯ ಎಂದು ದೊರೆ ಹೊಗಳಿದ.

"ವಿನಯ ಅನ್ನಬೇಡಿ ಬುದ್ಧೀ," ಅಂದ ಗಾದಿಲಿಂಗ. "ಪಾಲಾಕ್ಷ ನನ್ನನ್ನೇ ಬಾಯಿಬಿಟ್ಟು ಕೇಳಿದ್ದ. ಗೊತ್ತಿಲ್ಲ ಅಂದೆ."

ದೊರೆ, ಕೇಳಿದ ಅವನಾದರೂ ವಾಸಿ, ನಾನು ಕೇಳಲೂ ಇಲ್ಲ ಎಂದು ಮೆಲ್ಲಗೆ ಹೇಳಿ, ತಲೆದಂಡದ ಅಪ್ಪಣೆಯನ್ನು ಅಲ್ಲಿಯೇ ಹರಿದುಹಾಕಿದ.

ಮದುವೆ ಆಯಿತು, ಅರ್ಧ ರಾಜ್ಯವೂ ಬಂತು. ಕತೆಗೆ ಸಲ್ಲಬೇಕಾದದ್ದನ್ನು ಸಲ್ಲಿಸಿಬಿಟ್ಟೆ. ಆದರೆ ಅದಕ್ಕೂ ಮೊದಲು ರಾಜಕುಮಾರಿ ರಿಪೇರಿಯಾದ ಕಾರಿನಲ್ಲಿ ಗಾದಿಲಿಂಗನನ್ನು ಹೊಸಹಳ್ಳಿಗೆ ಕರೆದೊಯ್ದಳು. ದಾರಿಯುದ್ದಕ್ಕೂ ಏಸಿ ಒಂದು ಸಲವೂ ತಪ್ಪಲಿಲ್ಲ.

ಪಾಲಾಕ್ಷನ ತಾಯಿ ಗೌರಕ್ಕ ಹೊಸ್ತಿಲಲ್ಲಿ ಕೂತು ಗಾದಿಲಿಂಗ ಹೇಳಿದ್ದನ್ನೆಲ್ಲ ಕೇಳಿಸಿಕೊಂಡಳು. ಅಳಲಿಲ್ಲ.

"ಅವನು ನಿನ್ನ ಕೇಳಿದ್ನಾ?"

"ಕೇಳಿದ್ದ ತಾಯಿ."

"ಯಾರನ್ನೂ ಕೇಳದೆ ಹೋಗಿ ಸತ್ತ, ಸೊಕ್ಕಿನ ಮುಂಡೇದು ಅಂತ ಊರೆಲ್ಲ ಆಡಿಕೊಂಡಿತ್ತು," ಅಂದಳು. "ನಾನೂ ಅಂದುಬಿಟ್ಟಿದ್ದೆ."

ಗೋಡೆ ಹಿಡಿದು ಎದ್ದು ಒಳಗೆ ಹೋದಳು. ಬಾಗಿಲು ಹಾಕಲಿಲ್ಲ, ಬಾ ಅಂತಲೂ ಅನ್ನಲಿಲ್ಲ. ಅರ್ಧ ರಾಜ್ಯದ ಒಡೆಯನಾಗಲಿದ್ದವನು ಆ ಅಂಗಳದ ಬಿಸಿಲಲ್ಲಿ ಹಾಗೆಯೇ ನಿಂತಿದ್ದ.