ನಡುನೀರಿನಲ್ಲಿ ಎರಡು ಕಣಗಿಲೆ

ಏನೋ ಮರೆತು ಬಂದವಳ ಹಾಗೆ ನದಿ ಒಂದು ಕಡೆ ಹಿಂದಕ್ಕೆ ತಿರುಗುತ್ತದೆ. ಆ ತಿರುವಿನಲ್ಲಿ ಮರುಳಜ್ಜನ ಆಶ್ರಮ.

ಆಶ್ರಮ ಅಂದರೆ ಬಾಯಿ ಬಿಟ್ಟುಕೊಂಡು ನೋಡುವಂಥದ್ದೇನಲ್ಲ. ಒಂದು ಹಾಳು ಮಂಟಪ, ಒಂದು ಒಲೆ, ಒಬ್ಬ ಗುರು, ಒಬ್ಬ ಶಿಷ್ಯ. ಶಿಷ್ಯನಿಂದ ಒಲೆ ಬಿಸಿಯಾಗುತ್ತಿತ್ತು. ಗುರುವಿನಿಂದ ಶಿಷ್ಯನ ತಲೆ.

ಆದರೆ ಮಂಟಪದೊಳಗೆ ಒಂದು ಕಲ್ಲಿತ್ತು. ಸುತ್ತ ಹದಿನಾಲ್ಕು ಹಳ್ಳಿ ತಿರುಗಿದರೂ ಅಂಥದ್ದು ಇನ್ನೊಂದು ಸಿಗುತ್ತಿರಲಿಲ್ಲ.

ನೀರಿನ ಕೊಡದಷ್ಟು ದಪ್ಪ. ಕಣ್ಣಿಲ್ಲ, ಮೂಗಿಲ್ಲ, ಎರಡು ಭುಜ ಮಾತ್ರ. ಯಾರಾದರೂ ಪ್ರಶ್ನೆ ಹೊತ್ತು ಬಂದರೆ ಎರಡೂ ಭುಜಕ್ಕೆ ಒಂದೊಂದು ಕಣಗಿಲೆ ಹೂವನ್ನು ಗಂಧ ಹಚ್ಚಿ ಅಂಟಿಸಬೇಕು. ಆಮೇಲೆ ಸುಮ್ಮನೆ ಕೂರಬೇಕು. ಬಲಗಡೆಯ ಹೂ ಮೊದಲು ಬಿದ್ದರೆ ಆಗಲಿ ಅಂತ ಅರ್ಥ. ಎಡಗಡೆಯದು ಬಿದ್ದರೆ ಬೇಡ.

ಮಂಟಪದ ಕಂಬದ ಮೇಲೆ ಇದೇ ಕಲ್ಲನ್ನು ಕೆತ್ತಿದ್ದರು. ಎದುರಿಗೆ ಒಬ್ಬ ರಾಜ ಕೈಮುಗಿದು ನಿಂತಿದ್ದಾನೆ. ಬೆನ್ನ ಹಿಂದೆ ಆನೆ, ಕುದುರೆ, ದಂಡು. ಯುದ್ಧಕ್ಕೆ ಹೋಗಲೋ ಬೇಡವೋ ಅಂತ ಕೇಳಲು ಬಂದವನು. ಒಂದು ಹೂವು ಭುಜ ಬಿಟ್ಟು ಗಾಳಿಗೆ ಬಂದಿದೆ. ಆ ಶಿಲ್ಪಿ ಎಂಥ ಕಿಲಾಡಿ ಅಂದರೆ, ಎಡದ್ದೋ ಬಲದ್ದೋ ಗೊತ್ತಾಗದ ಹಾಗೆ ನಟ್ಟನಡುವೆ ಹೂ ಕೆತ್ತಿ, ಉಳಿ ಸುತ್ತಿಟ್ಟುಕೊಂಡು ಮನೆಗೆ ಹೋಗಿದ್ದ.

ಶಿಷ್ಯ ಕೆಂಚ ಆಶ್ರಮಕ್ಕೆ ಬಂದ ಮೊದಲ ದಿನವೇ ಕೇಳಿದ್ದ.

"ಅಜ್ಜಾರೇ, ಇದು ಯಾವ ಕಡೆ ಬಿತ್ತು?"

"ಇನ್ನೂ ಬಿದ್ದಿಲ್ಲ."

"ಮತ್ತೆ ರಾಜ ಯುದ್ಧಕ್ಕೆ ಹೋದ್ನಾ?"

"ಇಲ್ಲೇ ನಿಂತಿದ್ದಾನಲ್ಲೋ. ನಿನಗೆ ಕಣ್ಣು ಕಾಣಲ್ವಾ?"

ಕಲ್ಲಿಗೆ ಹೂ ಅಂಟಿಸುವ ಕೆಲಸವನ್ನು ಗುರು ಅವತ್ತೇ ಕೆಂಚನಿಗೆ ಕೊಟ್ಟರು. ಹೇಗೆ ಅಂಟಿಸಬೇಕು ಅಂತ ಹೇಳಿಕೊಡಲಿಲ್ಲ. ಕೆಂಚ ಕೇಳಲೂ ಇಲ್ಲ.

ಮೂರು ತಿಂಗಳಲ್ಲಿ ಕೆಂಚನ ಬೆರಳಿಗೆ ಒಂದು ಗುಟ್ಟು ತಿಳಿಯಿತು. ಗಂಧ ನೀರಾಗಿದ್ದರೆ ಹೂ ಬೇಗ ಬೀಳುತ್ತದೆ. ಗಟ್ಟಿಯಾಗಿದ್ದರೆ ತಡ. ತೊಟ್ಟು ಕೆಳಗಿದ್ದರೆ ಬೇಗ. ಎಸಳು ಕಲ್ಲಿಗೆ ತಾಗಿದ್ದರೆ ತಡ.

ಅಷ್ಟು ಸಾಕಾಯಿತು. ಅವತ್ತಿನಿಂದ ಯಾರೇ ಬಂದು ಏನೇ ಕೇಳಲಿ, ಬಲಗಡೆಯ ಹೂವೇ ಬೀಳತೊಡಗಿತು. ಜನ ನಗುತ್ತಾ ಹೋಗುತ್ತಿದ್ದರು. ಕೆಂಚ ಎದೆ ಉಬ್ಬಿಸಿಕೊಂಡು ಓಡಾಡುತ್ತಿದ್ದ.

"ಈಚೆಗೆ ಒಬ್ಬರಿಗೂ ಎಡಗಡೆ ಬಿದ್ದಿಲ್ಲ, ಅಜ್ಜಾರೇ. ಒಬ್ಬರಿಗೂ!"

"ಹೌದಾ," ಅಂದರು ಗುರು.

ಒಂದು ದಿನ ಕುಂಬಾರ ತಿಪ್ಪಣ್ಣ ಬಂದು, "ಮೋಡ ಕಟ್ಟಿದೆ, ಆವಿಗೆಗೆ ಬೆಂಕಿ ಇಡಬಹುದಾ?" ಅಂತ ಕೇಳಿದ. ಹೂ ಬಲಕ್ಕೆ ಬಿತ್ತು. ತಿಪ್ಪಣ್ಣ ಬೆಂಕಿ ಇಟ್ಟ. ಅರ್ಧ ಸುಡುವಷ್ಟರಲ್ಲಿ ಮಳೆ ಸುರಿಯಿತು. ವರ್ಷದ ಮಡಕೆಗಳೆಲ್ಲ ಕೆಟ್ಟವು.

ಗುರು ತಾವೇ ನಡೆದು ಹೋಗಿ ತಿಪ್ಪಣ್ಣನ ಒಂದು ಅರೆಬೆಂದ ಮಡಕೆ ತಂದರು. ಅದರಲ್ಲೇ ಗಂಜಿ ಕಾಯಿಸಲು ಕೆಂಚನಿಗೆ ಹೇಳಿದರು.

"ಅಜ್ಜಾರೇ, ಸೋರ್ತಿದೆ."

"ಸೋರಬಾರದಲ್ಲ. ಹೂ ಬಲಕ್ಕೇ ಬಿದ್ದಿತ್ತು."

ಒಲೆ ಆರಿಹೋಯಿತು. ಅವತ್ತು ಇಬ್ಬರಿಗೂ ಗಂಜಿ ಇರಲಿಲ್ಲ. ಕೆಂಚನಿಗೆ ನಾಚಿಕೆಯಾಯಿತು. ಆದರೆ ಹಸಿವಿನಷ್ಟು ಹೊತ್ತು ನಾಚಿಕೆ ನಿಲ್ಲಲಿಲ್ಲ.

ಮಳೆಗಾಲ ಮುಗಿಯಿತು. ನದಿ ಕೆಂಪಾಗಿಯೇ ಇತ್ತು, ಆದರೆ ಮೆಟ್ಟಿಲು ಬಿಟ್ಟು ಕೆಳಗಿಳಿದಿತ್ತು. ಹರಿಗೋಲು ನೀರಿಗೆ ಬಿಡುವ ಕಾಲ. ನದಿ ದಾಟುವ ಆ ಕಡವಿನಲ್ಲಿ ಒಂದು ಪದ್ಧತಿ ಇತ್ತು. ನೆರೆ ಇಳಿದ ಮೇಲೆ ಕಲ್ಲಿನ ಅಪ್ಪಣೆ ಸಿಗದೆ ಮೊದಲ ಹರಿಗೋಲು ದಡ ಬಿಡುವಂತಿಲ್ಲ.

ಈ ಸಲ ಪ್ರಶ್ನೆ ಇನ್ನೊಂದಿತ್ತು. ಹರಿಗೋಲು ಯಾರದ್ದು?

ಹಳೆಯ ಅಂಬಿಗ ಯುಗಾದಿಯ ಹೊತ್ತಿಗೆ ತೀರಿಹೋಗಿದ್ದ. ಅವನಿಗೆ ಒಬ್ಬಳೇ ಮಗಳು, ದ್ಯಾಮವ್ವ. ಒಬ್ಬನೇ ತಮ್ಮ, ಭರಮಣ್ಣ. ಇಬ್ಬರೂ ಒಟ್ಟಿಗೇ ಮಂಟಪಕ್ಕೆ ಬಂದರು. ಆದರೆ ಇಬ್ಬರ ನಡುವೆ ಒಂದು ಎತ್ತಿನ ಗಾಡಿ ಹೋಗುವಷ್ಟು ಜಾಗ ಇತ್ತು.

"ಹೆಣ್ಣುಮಗಳು ಹುಟ್ಟು ಹಿಡಿದದ್ದನ್ನ ಈ ನದಿ ನೋಡಿಲ್ಲ, ಅಜ್ಜಾರೇ," ಅಂದ ಭರಮಣ್ಣ.

"ನೋಡಿದೆ, ಚಿಗಪ್ಪ. ಅಪ್ಪ ಕೆಮ್ಮುತ್ತಾ ಮಲಗಿದ್ದ ಎರಡು ವರ್ಷ ನಿಮ್ಮನ್ನೆಲ್ಲ ದಾಟಿಸಿದ್ದು ಯಾರು? ಮೀನಾ?"

"ಅದು ಬೇಸಿಗೆ ನೀರು. ಎಮ್ಮೆಗಳೂ ದಾಟ್ತಾವೆ."

"ಆ ಎಮ್ಮೆಗಳ ಬಾಲ ಹಿಡ್ಕೊಂಡು ದಾಟಬೇಕಿತ್ತು ಮತ್ತೆ!"

ಮರುಳಜ್ಜ ಕೈ ಎತ್ತಿದರು. "ಕಲ್ಲಿಗೆ ಏನು ಕೇಳಬೇಕು?"

ಊರವರು ಮಾತಾಡಿ ಗೊತ್ತು ಮಾಡಿದ್ದರು. ಸೋಮವಾರ ಬೆಳಿಗ್ಗೆ ಕೇಳುವುದು. ಬಲಗಡೆ ಬಿದ್ದರೆ ಹರಿಗೋಲು ದ್ಯಾಮವ್ವನದು. ಎಡಗಡೆ ಬಿದ್ದರೆ ಭರಮಣ್ಣನದು. ಸೋತವರು ಮತ್ತೆ ಹುಟ್ಟು ಮುಟ್ಟುವಂತಿಲ್ಲ.

ಹೋಗುವಾಗ ಕೆಂಚ ದ್ಯಾಮವ್ವನ ಹಿಂದೆ ಓಡಿದ.

"ಅಕ್ಕ, ಹೆದರಬೇಡ. ಹರಿಗೋಲು ನಿಂದೇ."

"ನಿನಗೆ ಹೆಂಗೆ ಗೊತ್ತು?"

ಕೆಂಚ ಹತ್ತೂ ಬೆರಳು ಅಗಲಿಸಿ ತೋರಿಸಿದ. "ಇವಕ್ಕೆ ಗೊತ್ತು."

ದ್ಯಾಮವ್ವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ಅವಳ ಮುಖ ನೆರೆ ನೀರಿನ ಬಣ್ಣಕ್ಕೆ ತಿರುಗಿತು.

"ಏನಲೇ, ನನ್ನ ಹರಿಗೋಲನ್ನ ನನಗೇ ಕದ್ದು ಕೊಡ್ತೀಯಾ?"

"ಒಳ್ಳೇದಕ್ಕೆ ತಾನೆ ಅಕ್ಕ..."

"ಅದರ ಬಿದಿರು ಸೀಳಿದ್ದು ನಾನು. ಚರ್ಮ ಎಳೆದು ಹೊಲಿದದ್ದು ನಾನು. ನೋಡು ಈ ಕೈ. ಇದಕ್ಕೆ ನಿನ್ನ ಬೆರಳಿನ ಭಿಕ್ಷೆ ಬೇಕಾ? ನೆಟ್ಟಗೆ ಅಂಟಿಸು. ಎಡಕ್ಕೆ ಬಿದ್ದರೆ ಬೀಳಲಿ. ದಡದಲ್ಲಿ ಕೂತು ಚಿಗಪ್ಪ ಹುಟ್ಟು ಹಾಕೋದನ್ನ ನೋಡಿ ನಗ್ತೀನಿ. ಮೋಸದಲ್ಲಿ ಗೆದ್ದರೆ ನಗೋಕೂ ಆಗಲ್ಲ."

ಕೆಂಚ ವಾಪಸ್ ಬಂದು ಕಲ್ಲಿನ ಮುಂದೆ ಕೂತ. ನೆಟ್ಟಗೆ ಅಂಟಿಸಬೇಕು. ಅದೇನು ಮಹಾ?

ಎರಡು ಹೂ ಅಂಟಿಸಿದ. ನೋಡಿದ ಕೂಡಲೇ ಗೊತ್ತಾಯಿತು, ಎಡಗಡೆಯದು ಬೀಳುತ್ತದೆ. ಬಿತ್ತು.

ಮತ್ತೆ ಅಂಟಿಸಿದ. ಬಲಗಡೆಯದು ಬೀಳುತ್ತದೆ. ಬಿತ್ತು.

ಕಣ್ಣು ಮುಚ್ಚಿ ಅಂಟಿಸಿದ. ಕಣ್ಣಿಗೆ ಕಾಣದಿದ್ದರೇನು, ಬೆರಳು ಹೇಳಿತು. ಎಡ. ಎಡವೇ ಬಿತ್ತು.

ಮಧ್ಯಾಹ್ನದ ಹೊತ್ತಿಗೆ ಮಂಟಪದ ತುಂಬ ಹೂ ಚೆಲ್ಲಿತ್ತು. ಮೆರವಣಿಗೆ ಹೋದ ಬೀದಿಯ ಹಾಗೆ ಕಾಣುತ್ತಿತ್ತು, ಮೆರೆದವರು ಮಾತ್ರ ಯಾರೂ ಇರಲಿಲ್ಲ. ಕೆಂಚ ಗುರುವಿನ ಹತ್ತಿರ ಹೋದ. ಗುರು ಗೋಡೆಗೆ ಒರಗಿ ಕೂತು ಕಡಲೆ ತಿನ್ನುತ್ತಿದ್ದರು.

"ಅಜ್ಜಾರೇ, ನನ್ನ ಕೈ ಕೆಟ್ಟುಹೋಗಿದೆ."

"ಸುಟ್ಟುಕೊಂಡ್ಯಾ?"

"ಇಲ್ಲ. ಇದಕ್ಕೆ ಎಲ್ಲಾ ಗೊತ್ತಾಗಿಬಿಟ್ಟಿದೆ. ಹೂ ಹೆಂಗೆ ಅಂಟಿಸಿದರೂ ಯಾವುದು ಬೀಳತ್ತೆ ಅಂತ ಮೊದಲೇ ತಿಳಿಯತ್ತೆ. ಸೋಮವಾರ ನಾನು ಅಂಟಿಸಿದರೆ ಅದು ಕಲ್ಲಿನ ಮಾತಾಗಲ್ಲ, ನನ್ನ ಮಾತಾಗತ್ತೆ."

"ಹೂಂ."

"ನೀವೇ ಅಂಟಿಸಿಬಿಡಿ."

"ನಲವತ್ತು ವರ್ಷ ಅಂಟಿಸಿದೀನಿ ಕಣೋ. ನನ್ನ ಕೈ ಕೆಟ್ಟು ಎಷ್ಟು ಕಾಲ ಆಯ್ತು."

ಕೆಂಚ ತನ್ನ ಕೈ ನೋಡಿಕೊಂಡ. ಗುರುವಿನ ಕೈ ನೋಡಿದ.

"ಹಂಗಾದ್ರೆ ನನ್ನನ್ನ ಯಾಕೆ ಶಿಷ್ಯ ಮಾಡ್ಕೊಂಡ್ರಿ?"

"ಏನೂ ಗೊತ್ತಿಲ್ಲದ ಎರಡು ಕೈ ಬೇಕಾಗಿದ್ದವು. ಹದಿನಾಲ್ಕು ಹಳ್ಳಿ ಹುಡುಕಿದೆ. ನಿನ್ನಷ್ಟು ಗೊತ್ತಿಲ್ಲದವನು ಇನ್ನೊಬ್ಬ ಸಿಗಲಿಲ್ಲ."

ಕೆಂಚನ ತಲೆ ತಗ್ಗಿತು.

"ನಾನು ಊರಿಗೆ ಹೋಗ್ಲಾ, ಅಜ್ಜಾರೇ?"

ಗುರು ಅವನ ಅಂಗೈಗೆ ನಾಲ್ಕು ಕಡಲೆ ಹಾಕಿದರು. "ಸೋಮವಾರ ಕೆಲಸ ಇದೆ. ಆಮೇಲೆ ನೋಡೋಣ."

ಸೋಮವಾರ ಬೆಳಿಗ್ಗೆ ಇಡೀ ಊರು ದಡದಲ್ಲಿತ್ತು. ಆಚೆ ದಡದಲ್ಲೂ ಜನ. ಮರುಳಜ್ಜ ಮಂಟಪದಿಂದ ಹೊರಗೆ ಬಂದರು.

"ಕೆಂಚ, ಕಲ್ಲು ಎತ್ತು."

"ಎಲ್ಲಿಗೆ?"

"ಹರಿಗೋಲಿಗೆ."

ಜನ ಗುಜುಗುಜು ಅಂದರು. ಆ ಕಲ್ಲು ಮಂಟಪ ಬಿಟ್ಟು ಎದ್ದದ್ದನ್ನು ಯಾರ ಅಜ್ಜನೂ ನೋಡಿರಲಿಲ್ಲ. ಕೆಂಚ ಅದನ್ನು ಎದೆಗೆ ಅವುಚಿಕೊಂಡು, ತಿಣುಕುತ್ತಾ, ಹರಿಗೋಲಿನ ನಡುವೆ ತಂದು ಇಟ್ಟ.

"ಎರಡು ಹೂ ಅಂಟಿಸು," ಅಂದರು ಗುರು. "ಎರಡೂ ಒಂದೇ ಸಮ. ಉಸಿರು ಬಿಟ್ಟರೆ ಬೀಳಬೇಕು, ಬಿಡದಿದ್ದರೆ ನಿಲ್ಲಬೇಕು. ನಿನ್ನ ಕೈಗೆ ಎಲ್ಲಾ ಗೊತ್ತಲ್ಲ, ಇದು ಗೊತ್ತಾ?"

ಕೆಂಚ ಬೆರಳು ಒರೆಸಿಕೊಂಡ. ಗಂಧಕ್ಕೆ ಒಂದು ಹನಿ ನೀರು ಬಿಟ್ಟ. ಇನ್ನರ್ಧ ಹನಿ. ಅಷ್ಟು ನಿಷ್ಠೆಯಿಂದ ಅವನು ಅವತ್ತಿನ ತನಕ ಯಾವ ಕೆಲಸವನ್ನೂ ಮಾಡಿರಲಿಲ್ಲ.

ಭರಮಣ್ಣ ಬಗ್ಗಿ ನೋಡಿದ. ಎಡಗಡೆಯ ಹೂವಿಗೆ ಫೂ ಅಂದ. ಬಿತ್ತು. ಬಲಗಡೆಯದಕ್ಕೆ ಫೂ ಅಂದ. ಅದೂ ಬಿತ್ತು. ಕೆಂಚ ಎರಡನ್ನೂ ಮತ್ತೆ ಅಂಟಿಸಿದ.

"ಪ್ರಶ್ನೆ ಅದೇ," ಅಂದರು ಗುರು. "ಬಲಕ್ಕೆ ಬಿದ್ದರೆ ಅವಳದು, ಎಡಕ್ಕೆ ಬಿದ್ದರೆ ನಿನ್ನದು. ಕೇಳೋ ಜಾಗ ಮಾತ್ರ ನಡುನೀರು. ಮೊದಲು ಯಾರು ಹುಟ್ಟು ಹಾಕ್ತೀರಿ?"

ಭರಮಣ್ಣ ನದಿಯನ್ನು ನೋಡಿದ, ನಕ್ಕ. "ಅವಳೇ ಹಾಕಲಿ."

ನಾಲ್ವರೂ ಕೂತರು. ದ್ಯಾಮವ್ವ ಮಂಡಿ ಊರಿ ಹುಟ್ಟು ಹಿಡಿದಳು. ಹರಿಗೋಲು ದಡ ಬಿಟ್ಟಿತು.

ಹರಿಗೋಲು ಅಂದರೆ ಗುಂಡಗಿನ ಬುಟ್ಟಿ. ಅದಕ್ಕೆ ಹಿಂದಿಲ್ಲ, ಮುಂದಿಲ್ಲ. ಬಿಟ್ಟರೆ ತಿರುಗುವುದೇ ಅದರ ಸ್ವಭಾವ. ದ್ಯಾಮವ್ವ ಬಿಡಲಿಲ್ಲ. ಹುಟ್ಟು ನೀರಿಗೆ ಇಳಿದದ್ದೂ ಸದ್ದಾಗಲಿಲ್ಲ, ಎದ್ದದ್ದೂ ಸದ್ದಾಗಲಿಲ್ಲ.

ನಟ್ಟನಡುವೆ ಒಂದು ಸುಳಿ ಇತ್ತು. ಅತ್ತೆಸುಳಿ ಅಂತ ಅದರ ಹೆಸರು. ಒಳಗೆ ಬಂದವರನ್ನು ಸುಮ್ಮನೆ ದಾಟಲು ಬಿಡದೆ ಗಿರಗಿರ ಕುಣಿಸುವುದಕ್ಕೇ ಆ ಹೆಸರು.

ಸುಳಿ ಹತ್ತಿರ ಬಂದಾಗ ಕೆಂಚ ಮೆತ್ತಗೆ ಅಂದ. "ಅಕ್ಕ, ಬಲಕ್ಕೆ ಒಂದು ಚಿಕ್ಕ ಕುಲುಕು. ಒಂದೇ ಒಂದು. ಮುಗೀತು, ಹರಿಗೋಲು ನಿಂದು."

ಭರಮಣ್ಣನಿಗೂ ಕೇಳಿಸಿತು. ಅವನ ನಗು ಹೋಯಿತು. ಇದು ಅವನಿಗೆ ಹೊಳೆದಿರಲಿಲ್ಲ.

"ಬಾಯಿ ಮುಚ್ಕೊಂಡು ಕೂತ್ಕೋ," ಅಂದಳು ದ್ಯಾಮವ್ವ. "ಉಸಿರು ತಾಗತ್ತೆ ಹೂವಿಗೆ."

ಸುಳಿ ಹರಿಗೋಲಿನ ಅಂಚು ಹಿಡಿಯಿತು. ಅವಳು ಹುಟ್ಟನ್ನು ಆಳಕ್ಕೆ ಇಳಿಸಿ ಒತ್ತಿ ಹಿಡಿದಳು. ಕತ್ತಿನ ನರ ಉಬ್ಬಿತು. ಹಣೆಯ ಬೆವರು ಕಣ್ಣಿಗಿಳಿದರೂ ಒರೆಸಲಿಲ್ಲ. ಹರಿಗೋಲು ನಡುಗಲಿಲ್ಲ, ತಿರುಗಲಿಲ್ಲ. ಸುಳಿಯ ಬೆನ್ನಿನ ಮೇಲೆ ಒಂದು ಎಲೆಯ ಹಾಗೆ ಜಾರಿ ಆಚೆ ಬಂತು.

ಆಚೆ ದಡ ಮುಟ್ಟಿದಾಗ ಹೂ ಎರಡೂ ಕಲ್ಲಿನ ಮೇಲೇ ಇದ್ದವು.

ದಡದ ಜನ ಕೂಗಲು ಬಾಯಿ ತೆರೆದವರು ಹಾಗೇ ನಿಂತರು. ಯಾರು ಗೆದ್ದರು ಅಂತ ಕೂಗಬೇಕು?

ಮರುಳಜ್ಜ ದ್ಯಾಮವ್ವನ ಕೈಯಿಂದ ಹುಟ್ಟು ತೆಗೆದು ಭರಮಣ್ಣನ ಮುಂದೆ ಹಿಡಿದರು.

"ಈಗ ನಿನ್ನ ಸರದಿ. ಎಡಕ್ಕೆ ಒಂದು ಚಿಕ್ಕ ಕುಲುಕು ಸಾಕು."

ಭರಮಣ್ಣ ಹುಟ್ಟು ತೆಗೆದುಕೊಂಡ. ಹೂವನ್ನು ನೋಡಿದ. ಸುಳಿಯನ್ನು ನೋಡಿದ. ಅವನೂ ಅಂಬಿಗನೇ. ತಾನು ಈಗಷ್ಟೇ ಏನು ನೋಡಿದೆ ಅಂತ ದಡದ ಜನಕ್ಕಿಂತ ಅವನಿಗೇ ಚೆನ್ನಾಗಿ ಗೊತ್ತಿತ್ತು.

"ಅಣ್ಣ ಕೂಡ," ಅಂದ, "ಆ ಸುಳೀಲಿ ಒಂದು ಸುತ್ತು ತಿರುಗಿಸಿಯೇ ಬರ್ತಿದ್ದ."

ಹುಟ್ಟಿನ ತುದಿಯಿಂದ ದ್ಯಾಮವ್ವನ ಕೈ ತೋರಿಸಿದ.

"ನಮ್ಮ ಮನೆ ಕೈ ಇದು, ಅಜ್ಜಾರೇ. ನಮ್ಮ ಮನೇದು." ಅವನ ದನಿ ದೊಡ್ಡದಾಯಿತು, ಎರಡೂ ದಡಕ್ಕೆ ಕೇಳಲಿ ಅನ್ನುವ ಹಾಗೆ. ಹುಟ್ಟನ್ನು ದ್ಯಾಮವ್ವನ ಮಂಡಿಯ ಮೇಲೆ ಇಟ್ಟ. ಹಿಂದೆ ಸರಿದು, ದಾಟುವವರು ಕೂರುವ ಜಾಗದಲ್ಲಿ ಕಾಲು ಮಡಚಿ ಕೂತ.

"ವಾಪಸ್ ಬಿಡವ್ವ. ಹೊತ್ತಾಯ್ತು."

ದ್ಯಾಮವ್ವ ಒಂದು ಕ್ಷಣ ಚಿಗಪ್ಪನನ್ನು ನೋಡಿದಳು. ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಬೆನ್ನು ನೆಟ್ಟಗೆ ಮಾಡಿ, ಅಪ್ಪ ಕೂರುತ್ತಿದ್ದ ಹಾಗೇ ಕೂತು, ಹುಟ್ಟು ನೀರಿಗೆ ಇಳಿಸಿದಳು.

ಮತ್ತೆ ನಡುನೀರು. ಮತ್ತೆ ಸುಳಿ. ಹೂ ಎರಡೂ ಅಲ್ಲೇ.

ಕೆಂಚನಿಗೆ ತಡೆಯಲಾಗಲಿಲ್ಲ. ಕೈಯನ್ನು ಬಾಯಿಗೆ ಅಡ್ಡ ಹಿಡಿದು, ಹೂವಿಗೆ ಉಸಿರು ತಾಗದ ಹಾಗೆ ಗುರುವಿನ ಕಿವಿಯ ಹತ್ತಿರ ಬಗ್ಗಿದ.

"ಅಜ್ಜಾರೇ, ಕಲ್ಲು ಏನೂ ಹೇಳಲೇ ಇಲ್ವಲ್ಲ. ಊರವರು ಕೇಳ್ತಾರೆ. ದೇವರು ಏನಂದ ಅಂತ ಹೇಳ್ಲಿ?"

"ಶ್!" ಅಂದರು ಮರುಳಜ್ಜ. "ಇವಳು ತೂಗಿದ್ದಕ್ಕೆ ದೇವರಿಗೆ ಈಗ ತಾನೆ ಜೊಂಪು ಹತ್ತಿದೆ. ಎಬ್ಬಿಸಬೇಡ."