ಕಂಬದ ಗೂಡು, ಮರೆಯ ಗೂಡು

ಉತ್ತರದ ಚಳಿನಾಡಿನ ಕಾಡಿನಲ್ಲಿ ಮರದ ಪೊಟರೆಗಳಲ್ಲಿ ಗೂಡು ಮಾಡುವ ಬಾತುಗಳ ಸಂತತಿ ಹೆಚ್ಚಲೆಂದು ಸಂಶೋಧಕರು ಎರಡು ಗೂಡುಪೆಟ್ಟಿಗೆಗಳನ್ನು ಇಟ್ಟರು. ಒಂದು ಸರೋವರದ ದಡದಲ್ಲಿ, ಎಲ್ಲರಿಗೂ ಕಾಣುವ ಕಂಬದ ಮೇಲೆ. ಇನ್ನೊಂದು ಮರಗಳ ಮರೆಯಲ್ಲಿ, ಒಂದು ಕಾಂಡದ ಮೇಲೆ ಎತ್ತರದಲ್ಲಿ. ಇಷ್ಟು ಮಂದಿ ಹೋಗುವ ಜಾಗ ಒಳ್ಳೆಯದೇ ಇರಬೇಕೆಂದು ಬಾತುಗಳೆಲ್ಲ ಕಂಬದ ಪೆಟ್ಟಿಗೆಯಲ್ಲೇ ಮೊಟ್ಟೆಯಿಟ್ಟವು. ಕಾವು ಕೂರಲು ಮಾತ್ರ ಯಾರಿಗೂ ಜಾಗವಿರಲಿಲ್ಲ.

ಮರೆಯ ಪೆಟ್ಟಿಗೆಗೆ ತನ್ನೊಳಗೆ ಒಂದು ಮರಿಯೂ ಹುಟ್ಟಲಾರದೆಂಬ ಚಿಂತೆ. ಕೊನೆಗೊಂದು ಬಾತು ಬಂದಿತು.

"ದಾರಿ ತಪ್ಪಿದೆಯೇನಮ್ಮಾ?" ಎಂದಿತು ಪೆಟ್ಟಿಗೆ.

"ಇಲ್ಲಪ್ಪಾ. ಅಲ್ಲಿ ನನ್ನ ಮೊಟ್ಟೆ ಯಾವುದೆಂದು ನನಗೇ ತಿಳಿಯದು. ಇನ್ನು ಇಡಬೇಕಾದ ಮೊಟ್ಟೆಗಳನ್ನಾದರೂ ಇಲ್ಲಿಟ್ಟು ಮರಿ ಮಾಡುತ್ತೇನೆ."

ತಿಂಗಳು ಕಳೆದ ಮೇಲೆ ಕಂಬದ ಪೆಟ್ಟಿಗೆ ಕೂಗಿತು: "ನನ್ನಲ್ಲಿ ಮೊಟ್ಟೆ ರಾಶಿ ಬಿದ್ದಿದೆ! ನಿನ್ನಲ್ಲೇನಿದೆಯೋ?"

"ಈಗೇನೂ ಇಲ್ಲಣ್ಣಾ," ಎಂದಿತು ಮರೆಯ ಪೆಟ್ಟಿಗೆ, ನೆಮ್ಮದಿಯಿಂದ. ಅದರ ಕೊನೆಯ ಮರಿ ಆಗಷ್ಟೇ ನೆಲಕ್ಕೆ ಧುಮುಕಿ, ತಾಯಿಯ ಹಿಂದೆ ನೀರಿನತ್ತ ಓಡುತ್ತಿತ್ತು.